ಒಂದು ಕಾರ್ಡು, ಎರಡು ಹೊಟ್ಟೆ

ನಮ್ಮ ಬೀದಿಯ ಬಡಗಿ ಅಣ್ಣತಮ್ಮಂದಿರಿಗೆ ಒಂದೇ ಗರಗಸ, ಒಂದೇ ಸೈಕಲ್ಲು. ಆಸ್ಪತ್ರೆಯ ಕಾರ್ಡೂ ಒಂದೇ. ಅಣ್ಣನಿಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ಅವನ ಹೆಸರಲ್ಲಿ ಮಾಡಿಸಿದ ಕಾರ್ಡು ಅದು. ತಮ್ಮನಿಗೆ ಜ್ವರ ಬಂದರೂ ಅದನ್ನೇ ಹಿಡಿದು ಹೋಗುತ್ತಿದ್ದ. "ಹೊಸದು ಮಾಡಿಸೋಕೆ ಯಾರು ಕ್ಯೂ ನಿಲ್ತಾರೆ? ಒಂದೇ ಮನೆ, ಒಂದೇ ರಕ್ತ," ಎನ್ನುವುದು ಅಣ್ಣನ ವಾದ. ನಿಮ್ಮ ಮನೆಯಲ್ಲೂ ಹೀಗೇ ನಡೆದಿದ್ದರೆ ಈಗಲೇ ನಗಬೇಡಿ, ಮುಂದೆ ಕೇಳಿ.

ಅಣ್ಣನಿಗೊಬ್ಬ ಮಗಳು, ಹನ್ನೆರಡನೇ ತರಗತಿ ಮುಗಿಸಿದವಳು. ಆಸ್ಪತ್ರೆಯ ವೈದ್ಯಕೀಯ ದಾಖಲೆ ನೋಡಿಕೊಳ್ಳುವ ಕೋರ್ಸಿಗೆ ಸೇರಬೇಕೆಂದು ಅವಳ ಆಸೆ. ಅರ್ಜಿ ಹಾಕಲು ಆ ವಾರವೇ ಕೊನೆ. ಅವಳಿಗೆ ಈ ಹುಚ್ಚು ಹಿಡಿಸಿದವಳು ಮಹಡಿ ಮನೆಯ ಅಕ್ಕ. ಆಸ್ಪತ್ರೆಯ ದಾಖಲೆ ವಿಭಾಗದಲ್ಲೇ ಅವಳಿಗೆ ಕೆಲಸ.

"ಕಾಗದ ಎತ್ತಿಡೋಕೆ ಕಾಲೇಜಿಗೆ ಹೋಗ್ಬೇಕಾ?" ಎಂದ ಅಪ್ಪ, ಹಲಗೆ ಕೊಯ್ಯುತ್ತಲೇ. "ನಾನು ದಿನಾ ಹಲಗೆ ಎತ್ತಿಡ್ತೀನಿ. ನನಗ್ಯಾರು ಡಿಗ್ರಿ ಕೊಟ್ರು?"

"ಬರೀ ಎತ್ತಿಡೋದಲ್ಲ ಅಣ್ಣಾ," ಎಂದಳು ಅಕ್ಕ. "ಯಾರಿಗೆ ಯಾವ ಕಾಯಿಲೆ, ಯಾವ ಔಷಧಿ ಆಗ್ಬರಲ್ಲ, ಏನು ಆಪರೇಷನ್ ಆಗಿದೆ, ಎಲ್ಲಾ ಸರಿಯಾದ ಮನುಷ್ಯನ ಹೆಸರಲ್ಲೇ ಇರ್ಬೇಕು. ಇಲ್ದಿದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತೆ."

"ನಮ್ಮನೇಲಿ ಎತ್ತೂ ಇಲ್ಲ, ಎಮ್ಮೆನೂ ಇಲ್ಲ ಬಿಡಮ್ಮಾ!"

ಅಲ್ಲಿಗೆ ಅಪ್ಪ ಮಾತು ಮುಗಿಸಿ, ಪಾದಕ್ಕೆ ಕಟ್ಟಿದ್ದ ಬಟ್ಟೆ ಸರಿಮಾಡಿಕೊಂಡ. ಉಳಿ ಬಿದ್ದು ಆದ ಗಾಯ, ಎಷ್ಟು ದಿನವಾದರೂ ಒಣಗಿರಲಿಲ್ಲ. ಅವನಿಗೆ ಸಕ್ಕರೆ ಕಾಯಿಲೆ ಬೇರೆ. ಈಚೆಗೆ ಡಾಕ್ಟರು ಸಕ್ಕರೆ ಇಳಿದಿದೆಯೆಂದು ಮಾತ್ರೆ ಕಡಿಮೆ ಮಾಡಿದ್ದರು. ಅಂದಿನಿಂದ ಅಪ್ಪ ಸಿಹಿ ಚಹಾವನ್ನು ರಾಜಾರೋಷವಾಗಿ ಕುಡಿಯುತ್ತಿದ್ದ.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ಮರದ ಪುಡಿಯ ಮೇಲೇ ಕುಸಿದ. ಅಪ್ಪನೂ ಮಗಳೂ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಅಪ್ಪ ಎಂದಿನಂತೆ ಅದೇ ಕಾರ್ಡು ಕೊಟ್ಟ.

ಡಾಕ್ಟರಮ್ಮ ಹೊಟ್ಟೆಯ ಬಲಗಡೆ ಒತ್ತಿದರು. ಚಿಕ್ಕಪ್ಪ ಕಿರುಚಿದ. ಅವರು ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದರು.

"ಅಪೆಂಡಿಕ್ಸ್ ಆಗ್ಲೇ ತೆಗೆದಿದೆ ಅಂತಿದೆ. ಹೊಟ್ಟೆ ಮೇಲೆ ಗುರುತೇ ಇಲ್ವಲ್ಲ?"

"ಗುರುತು ಅಣ್ಣನ ಹೊಟ್ಟೆ ಮೇಲಿದೆ ಡಾಕ್ಟ್ರೇ," ಎಂದು ಚಿಕ್ಕಪ್ಪ ನರಳಿದ.

ನರ್ಸಿಗೆ ನಗು ತಡೆಯಲಾಗಲಿಲ್ಲ. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಅವನನ್ನು ತಕ್ಷಣ ಸ್ಕ್ಯಾನಿಂಗಿಗೆ ಕಳಿಸಿ ದಾಖಲೆ ವಿಭಾಗಕ್ಕೆ ಫೋನ್ ಮಾಡಿದರು. ಮಹಡಿ ಮನೆಯ ಅಕ್ಕ ಬಂದು ಚಿಕ್ಕಪ್ಪನಿಗೆ ಅವನದೇ ಕಾರ್ಡು ಮಾಡಿಕೊಟ್ಟಳು. ಆಮೇಲೆ ಅಪ್ಪನನ್ನೂ ಮಗಳನ್ನೂ ಎದುರು ಕೂರಿಸಿಕೊಂಡಳು.

"ಹಳೇ ಕಾರ್ಡಲ್ಲಿ ನಿಮ್ಮದ್ಯಾವುದು, ತಮ್ಮಂದ್ಯಾವುದು, ಬೇರೆ ಮಾಡ್ಬೇಕು. ನೆನಪು ಮಾಡ್ಕೊಂಡು ಹೇಳಿ ಅಣ್ಣಾ."

ಅಪ್ಪ ತಲೆ ಕೆರೆದುಕೊಂಡ. ಮಗಳೇ ಒಂದೊಂದಾಗಿ ಬಿಡಿಸತೊಡಗಿದಳು. ಬೆನ್ನುನೋವು ಅಪ್ಪನದು, ಕಣ್ಣಿಗೆ ಮರದ ಚೂರು ಬಿದ್ದದ್ದು ಚಿಕ್ಕಪ್ಪನಿಗೆ. ಒಂದು ಕಡೆ ಅವಳು ತಡೆದು ನಿಂತಳು.

"ಅಕ್ಕಾ, ಈ ಸಕ್ಕರೆ ಪರೀಕ್ಷೆ ಚಿಕ್ಕಪ್ಪಂದು. ಜ್ವರ ಬಂದಾಗ ರಕ್ತ ಕೊಟ್ಟಿದ್ರು. ಅಪ್ಪಾ, ನಿನ್ನ ಮಾತ್ರೆ ಕಡಿಮೆ ಮಾಡಿದ್ದು ಇದನ್ನ ನೋಡಿನೇ ಅಲ್ವಾ?"

ಅಪ್ಪ ಬಗ್ಗಿ ತನ್ನ ಪಾದ ನೋಡಿಕೊಂಡ. ಅವನಿಗೆ ನಿಜವಾಗಿಯೂ ಭಯವಾಯಿತು. ಅಲ್ಲೇ ರಕ್ತ ತೆಗೆದು ನೋಡಿದರೆ ಸಕ್ಕರೆ ಎಲ್ಲಿಗೋ ಏರಿ ಕೂತಿತ್ತು.

"ಇನ್ನೂ ತಡ ಮಾಡಿದ್ರೆ ಕಾಲಿಗೇ ಕುತ್ತು ಬರ್ತಿತ್ತು," ಎಂದು ಡಾಕ್ಟರಮ್ಮ ಗಾಯ ತೊಳೆಸಿ, ಮಾತ್ರೆ ಮತ್ತೆ ಹೆಚ್ಚಿಸಿದರು.

ಚಿಕ್ಕಪ್ಪನಿಗೆ ಅಂದೇ ಆಪರೇಷನ್ ಆಯಿತು. ಈಗ ಅವನ ಹೊಟ್ಟೆಯ ಮೇಲೂ ಸ್ವಂತದ್ದೊಂದು ಗುರುತಿದೆ.

ವಾರ್ಡಿನ ಹೊರಗೆ ಅಪ್ಪ ಅಕ್ಕನನ್ನು ಮೆಲ್ಲಗೆ ಕೇಳಿದ, "ಈ ಓದಿಗೆ ಏನೇನು ಬೇಕಮ್ಮಾ?"

"ಕಂಪ್ಯೂಟರ್ ಕಲೀಬೇಕು, ಕಾಯಿಲೆ, ಔಷಧಿಗಳ ಹೆಸರು ಕಲೀಬೇಕು. ಅದನ್ನ ಕಾಲೇಜಲ್ಲೇ ಹೇಳ್ಕೊಡ್ತಾರೆ. ಆಸ್ಪತ್ರೆ, ಲ್ಯಾಬು, ಇನ್ಶೂರೆನ್ಸ್ ಆಫೀಸು, ಎಲ್ಲಾ ಕಡೆ ಈ ಕೆಲಸ ಗೊತ್ತಿರೋರು ಬೇಕು. ಸಣ್ಣದನ್ನೂ ಬಿಡದ ಕಣ್ಣು ಬೇಕು, ಅದು ಇವಳಿಗಿದೆ. ಇನ್ನೊಂದು, ಯಾರ ಕಾಯಿಲೆ ವಿಷಯಾನೂ ಹೊರಗೆ ಬಾಯಿ ಬಿಡೋ ಹಾಗಿಲ್ಲ."

"ಹಾಗಾದ್ರೆ ಬಾಯಿಬಡುಕ ನನ್ನ ತಮ್ಮನಿಗಂತೂ ಸೀಟು ಸಿಗಲ್ಲ," ಎಂದ ಅಪ್ಪ. "ಇವಳ ಅರ್ಜಿ ಹಾಕೋಣ." ಮಗಳಿಗೆ ಹೋದ ಜೀವ ಬಂದಂತಾಯಿತು.

ಅರ್ಜಿಯ ಕೊನೆಯ ದಿನ ಕಾಲೇಜಿನ ಮುಂದಿನ ಸಾಲು ಗೇಟು ದಾಟಿ ಬೀದಿಗೆ ಬಂದಿತ್ತು. ಬ್ಯಾಂಡೇಜು ಕಟ್ಟಿದ ಕಾಲಲ್ಲಿ ಅಪ್ಪನೂ ನಿಂತಿದ್ದ.

"ಕ್ಯೂ ದೊಡ್ಡದಿದೆ, ನೀನು ಹೋಗಿ ಕೂತ್ಕೋ ಅಪ್ಪಾ."

"ಇರ್ಲಿ ಬಿಡು ಮಗಳೇ. ಒಂದು ಕ್ಯೂ ತಪ್ಪಿಸ್ಕೊಳ್ಳೋಕೆ ಹೋಗಿ ಕಾಲೇ ಕಳ್ಕೊಳ್ತಿದ್ದೆ. ಈ ಕಾಲು ನೀನು ಉಳಿಸಿದ್ದು, ನಿನಗಾಗಿ ಸ್ವಲ್ಪ ಹೊತ್ತು ನಿಲ್ಲಲಿ."

ಕೇಳಿದಿರಲ್ಲ, ಅಕ್ಕಂದಿರೇ, ಅಣ್ಣಂದಿರೇ? ಮನೆಯಲ್ಲಿ ಎಷ್ಟು ಜನರೋ ಅಷ್ಟು ಕಾರ್ಡು ಇರಲಿ. ನಿಮ್ಮ ಮಗಳೋ ಮಗನೋ ವೈದ್ಯಕೀಯ ದಾಖಲೆಯ ಕೆಲಸ ಕಲಿಯುತ್ತೇನೆ ಎಂದರೆ, ಕಾಗದ ಎತ್ತಿಡುವ ಕೆಲಸವೆಂದು ತಳ್ಳಿಹಾಕಬೇಡಿ. ಹತ್ತಿರದ ಕಾಲೇಜಿನಲ್ಲೋ ಆಸ್ಪತ್ರೆಯ ದಾಖಲೆ ವಿಭಾಗದಲ್ಲೋ ಇವತ್ತೇ ವಿಚಾರಿಸಿ. ಅಲ್ಲಿ ಕ್ಯೂ ಇದ್ದರೆ, ದಯವಿಟ್ಟು ನಿಂತುಕೊಳ್ಳಿ.