ತಿಕೋಟಾದಿಂದ ಬಂದ ಸಾದಾ ಕಾಲ್

ಮಾಳವ್ವ ವಿಜಾಪುರದ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಸೇರಿದಾಗ ಕಳ್ಳಕವಟಗಿಯ ಕಟ್ಟೆಯ ಮೇಲೆ ನಗೆಯೋ ನಗೆ. "ಒಲಿ ಹಚ್ಚೂ ವಯಸ್ಸಿನ್ಯಾಗ ಲೈನ್ ಹಚ್ಚಾಕ ಹೋಗ್ಯಾಳ ನೋಡ್ರೆಪಾ!" ಎಂದರು. ಕುರಿ ಕಾಯುತ್ತಿದ್ದ ಅವಳಪ್ಪ ಖಂಡಪ್ಪನೂ ಬಿಡಲಿಲ್ಲ.

"ನಾ ಹಾಲು ಹಾಲು ಅಂತ ಊರೆಲ್ಲ ಒದರಿದ್ರ ಯಾರೂ ಕೇಳವಲ್ರು. ಈಕಿ ಹಲೋ ಹಲೋ ಅಂದ್ರ ಸರಕಾರ ಪಗಾರ ಕೊಡತೈತಿ!"

ನಗಿಸುವುದು ಮಗಳಿಗೂ ಬಂದಿತ್ತು. ಬೋರ್ಡು ಸುಮ್ಮನಿದ್ದ ಹೊತ್ತಿನಲ್ಲಿ ಹತ್ತಿ ದಲಾಲ ಈರಯ್ಯನಂತೆ ಕೆಮ್ಮುವಳು, ಇಂಜಿನಿಯರ್ ಸಾಹೇಬರಂತೆ ಮೂಗಿನಲ್ಲೇ ಬಯ್ಯುವಳು. ಎಲ್ಲಕ್ಕಿಂತ ಚೆಂದ ಬರುತ್ತಿದ್ದುದು ಅಪ್ಪ ಕುರಿ ಕರೆಯುವ ದನಿ. ನಾಲಗೆಯನ್ನು ಅಂಗುಳಕ್ಕೆ ಬಡಿದು ಲೊಚಲೊಚ ಎನಿಸಿ, ಅದರ ಹಿಂದೆಯೇ ದನಿ ಎಳೆದು, "ಹುರ್ರ್... ಬಾ ಬಾ ಬಾ!" ಪಕ್ಕದ ಕುರ್ಚಿಯ ಪರಸವ್ವ ನಕ್ಕು ನಕ್ಕು ಹೆಡ್‌ಫೋನ್ ಕೆಳಗೆ ಬೀಳಿಸುತ್ತಿದ್ದಳು.

ದಿನಾ ಬೆಳಿಗ್ಗೆ ಊರೂರಿನ ಲೈನು ಸರಿ ಇದೆಯೇ ಎಂದು ನೋಡಬೇಕಿತ್ತು. ಅವಳೂರಿನ ಹತ್ತಿರದ ತಿಕೋಟಾದ ಅಂಚೆ ಕಚೇರಿಯಲ್ಲಿ ಫೋನಿನ ಮುಂದೆ ಬುಡ್ಡೇಸಾಬ ಕೂರುತ್ತಿದ್ದ. ಲೈನ್ ನೋಡಲು ಒಂದು ಹಲೋ ಸಾಕು, ಇವರಿಬ್ಬರಿಗೆ ಸಾಲದು. "ನಿಮ್ಮಪ್ಪ ಸಂತಿಗೆ ಬಂದಿದ್ದ ತಂಗಿ. ಹೊಸಾ ರುಮಾಲ ಸುತಗೊಂಡು ಮದುಮಗ ಕಂಡಂಗ ಕಾಣತಿದ್ದ." ಫೋನೇ ಇಲ್ಲದ ತನ್ನೂರಿನ ಸುದ್ದಿ ಹೀಗೆ ಅವಳ ಕಿವಿಗೆ ಬೀಳುತ್ತಿತ್ತು.

ಎಪ್ಪತ್ನಾಲ್ಕನೇ ಇಸವಿಯಲ್ಲಿ ಅವಳನ್ನು ಸುಪರ್‌ವೈಸರ್ ಮಾಡಿದರು. ಸದ್ಯಕ್ಕೆ ತಾತ್ಕಾಲಿಕ, ಕೆಲಸ ನೋಡಿ ಕಾಯಂ. ಅಲ್ಲಿ ಆ ಕುರ್ಚಿಯಲ್ಲಿ ಹೆಣ್ಣುಮಗಳು ಕೂತದ್ದು ಅದೇ ಮೊದಲು. ಅದೇ ಕುರ್ಚಿಗೆ ಕಣ್ಣಿಟ್ಟಿದ್ದ ಹಿರಿಯ ಆಪರೇಟರ್ ಗುರಲಿಂಗಪ್ಪ, ಎಲ್ಲರಿಗೂ ಕೇಳುವಂತೆ, "ಹರಟಿ ಹೊಡ್ಯಾವ್ರಿಗೆ ಬಡ್ತಿ. ನಾವೂ ಬಾಯಿ ಬಿಡಬೇಕಿತ್ರೆಪಾ" ಎಂದ. ಸಾಹೇಬರು ಒಳಗೆ ಕರೆದು ಹೇಳಿದರು: "ನೋಡ್ರಿ ಬಾಯಾರ, ಕಾಲ್ ತಡಾ ಆಗತಾವ ಅಂತ ದಲಾಲರು ತಕರಾರ ಮಾಡಾಕತ್ಯಾರ. ನೀವು ಎಡವಿದ್ರ ಇನ್ನ ಯಾವ ಹೆಣ್ಣಮಗಳನ್ನೂ ಇಲ್ಲಿ ಕೂಡಸೂದಿಲ್ಲ."

ಮರುದಿನದಿಂದ ಲೈನಿನ ಮೇಲೆ ಮನೆಯ ಮಾತು ಬಂದ್ ಆಯಿತು. ಯಾರ ಕಾಲೇ ಇರಲಿ, ಸರದಿಯಂತೆಯೇ: ದುಪ್ಪಟ್ಟು ದುಡ್ಡಿನ ಅರ್ಜೆಂಟ್ ಮೊದಲು, ಸಾದಾ ಆಮೇಲೆ. ಪರಸವ್ವನ ತವರಿನ ಕಾಲನ್ನೂ ಮಾಳವ್ವ ಹಿಂದಕ್ಕೆ ಹಾಕಿದಳು. ಅವಳ ಗಂಟಲಲ್ಲಿದ್ದ ಊರೆಲ್ಲ ಖಾಲಿಯಾಗಿ ಒಂದೇ ದನಿ ಉಳಿಯಿತು: "ನಂಬರ್ ಹೇಳ್ರಿ."

"ಯಕ್ಕಾ, ಯಾರನ್ನ ಅಣಕಸಾಕತ್ತಿ?" ಎಂದು ಪರಸವ್ವ ಒಮ್ಮೆ ಕೇಳಿದಳು. ಮಾಳವ್ವ ಮುಂದಿನ ಕಾಲ್ ಹಚ್ಚಿದಳು. ಕಾಲ್‌ಗಳು ಬೇಗ ಸಿಗತೊಡಗಿದ್ದವು. ಈರಯ್ಯ ಕೂಡ ಕೆಮ್ಮದೆ ಮಾತಾಡುತ್ತಿದ್ದ.

ಹತ್ತಿ ಸುಗ್ಗಿಯ ಒಂದು ಮುಂಜಾನೆ, ಸೊಲ್ಲಾಪುರದ ಲೈನಿಗೆ ದಲಾಲರು ಮುಗಿಬಿದ್ದಿದ್ದಾಗ, ತಿಕೋಟಾದ ಕರೆ ಬಂತು. ಮಾಳವ್ವನೇ ಎತ್ತಿಕೊಂಡಳು. ಬೆನ್ನ ಹಿಂದೆ ಗುರಲಿಂಗಪ್ಪ ನಿಂತಿದ್ದ.

"ತಂಗಿ, ನಿಮ್ಮಪ್ಪ ಇಲ್ಲೇ ನನ್ನ ಮುಂದ..."

"ತಿಕೋಟಾ, ನಂಬರ್ ಹೇಳ್ರಿ."

"ಅಲ್ಲಬೇ, ಖಂಡಪ್ಪ..."

"ಲೈನ್ ಮ್ಯಾಲ ಮನಿ ಮಾತ ಬ್ಯಾಡ್ರಿ ಸಾಬ್. ಮಾತಾಡೂದಿದ್ರ ಕಾಲ್ ಬುಕ್ ಮಾಡಸ್ರಿ."

ಆ ಕಡೆ ಏನೋ ಗುಸುಗುಸು. ಆಮೇಲೆ ಬುಡ್ಡೇಸಾಬನ ಬಿಗಿದ ದನಿ: "ಬುಕ್ ಮಾಡಕೋರಿ ಬಾಯಾರ. ಸಾದಾ ಕಾಲ್. ಖಂಡಪ್ಪನಿಂದ ಸುಪರ್‌ವೈಸರ್ ಬಾಯಾರಿಗೆ."

ಅಂದು ತಿಕೋಟಾದ ಸಂತೆ. ಕುರಿ ಮಾರಲು ಬಂದವನು ಮಗಳ ಹಲೋ ಕೇಳಿಸಿಕೊಂಡು ಹೋಗಲು ಕೂತಿದ್ದಾನೆ ಎಂದುಕೊಂಡಳು. ಒಳಗೊಳಗೇ ನಗು ಬಂತು. ಗುರಲಿಂಗಪ್ಪ ತನ್ನ ಜಾಗಕ್ಕೆ ಹೋದ. ಅರ್ಜೆಂಟ್ ಕಾಲ್‌ಗಳು ಒಂದರ ಬೆನ್ನಿಗೊಂದು ಬಂದವು. ಸಾದಾ ಕಾಲ್ ಹಿಂದೆ ಹಿಂದೆ ಸರಿಯಿತು.

ಅಪ್ಪನ ಸರದಿ ಬಂದಾಗ ಊಟದ ಹೊತ್ತು. ಗುರಲಿಂಗಪ್ಪ ಬುತ್ತಿ ಬಿಚ್ಚಲು ಹೋಗಿದ್ದ. ಬೋರ್ಡಿನ ಮುಂದೆ ಪರಸವ್ವ ಮಾತ್ರ ಇದ್ದಳು. ಮಾಳವ್ವ ಸೆರಗು ಸರಿಮಾಡಿಕೊಂಡು ಲೈನ್ ಹಚ್ಚಿದಳು. ಎಷ್ಟೋ ತಿಂಗಳ ಮೇಲೆ ನಾಲಗೆಯನ್ನು ಅಂಗುಳಕ್ಕೆ ಬಡಿದು, "ಹುರ್ರ್... ಬಾ ಬಾ ಬಾ!" ಎಂದಳು. ಪರಸವ್ವ ಕಿಸಕ್ಕೆಂದು ನಕ್ಕಳು.

ಆ ಕಡೆ ಉಸಿರಾಟ ಮಾತ್ರ ಕೇಳಿತು.

"ಯಪ್ಪಾ? ಸಿಟ್ಟಿಗೆದ್ದೆ ಏನ?"

"ತಂಗಿ," ಎಂದ ಬುಡ್ಡೇಸಾಬ. "ಕಾಲ್ ಕ್ಯಾನ್ಸಲ್ ಮಾಡಕೋ ತಂಗಿ."

ಅವನು ಮುಂದೆ ಹೇಳಿದ್ದನ್ನು ಅವಳು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೇಳಿದಳು. "ಎದಿ ಹಿಡದಿತ್ತ ಅವಗ. ವಿಜಾಪುರದ ಬಸ್ ಬಂದಿತ್ತು, ಹತ್ತು ಅಂದೆ. ಹತ್ತಲಿಲ್ಲ. 'ಮಗಳು ಸ್ಟ್ಯಾಂಡಿಗೆ ಬರದಿದ್ರ ಆ ಊರಾಗ ನನಗ ದವಾಖಾನಿ ಯಾರ ತೋರಸ್ತಾರ' ಅಂದ. ಮತ್ತೊಮ್ಮೆ ನಿನಗ ಅರ್ಜೆಂಟ್ ಹಚ್ಚತೇನಿ ಅಂದ್ರೂ ಕೇಳಲಿಲ್ಲ. 'ಬ್ಯಾಡೋ ಸಾಬಾ, ಆಕಿ ದೊಡ್ಡ ಸಾಹೇಬ ಆಗ್ಯಾಳ. ನಾನ ಸರದಿ ಮುರದ್ರ ಆಕಿ ಮಾತ ಯಾರ ಕೇಳತಾರ' ಅಂತ ನಕ್ಕ. ಬೆಂಚಿನ ಮ್ಯಾಲ ಕುಂತವ ಕುಂತಂಗ..."

ಅಪ್ಪನ ಮಣ್ಣು ಮುಗಿದ ಮರುದಿನ ಸಾಹೇಬರು ಕುರ್ಚಿ ಕಾಯಂ ಆಯಿತೆಂದು ಕಳ್ಳಕವಟಗಿಗೆ ಹೇಳಿಕಳಿಸಿದರು. ಮಾಳವ್ವ ಕೇಳಿಸಿಕೊಂಡು ತಲೆಯಾಡಿಸಿದಳು.

ಅಂದು ಮುಂಜಾನೆ ದೊಡ್ಡಿಯ ಬಾಗಿಲು ತೆಗೆದಿದ್ದರೂ ಕುರಿ ಹೊರಬರಲಿಲ್ಲ. ಚಿಕ್ಕಪ್ಪ ಗೊಲ್ಲಾಳಪ್ಪ ಕರೆದ, ಬೈದ, ಕೋಲು ಬೀಸಿದ. ಒಂದಕ್ಕೊಂದು ಒತ್ತಿಕೊಂಡು ನಿಂತವೇ ಹೊರತು ಕದಲಲಿಲ್ಲ. "ಅಣ್ಣನ ದನಿ ಬೇಕು ಇವಕ್ಕ. ನಾ ಎಲ್ಲಿಂದ ತರಲಿ?" ಎಂದು ಅಲ್ಲೇ ಕುಕ್ಕರಿಸಿದ.

ಮಾಳವ್ವ ಬೇಲಿಯ ಹಿಂದೆ ಹೋದಳು. ಕಣ್ಣು ಮುಚ್ಚಿ ಕರೆದಳು.

"ಹುರ್ರ್... ಬಾ ಬಾ ಬಾ!"

ಕುರಿಗಳು ಒಮ್ಮೆಲೇ ಕಿವಿ ನಿಮಿರಿಸಿ ಧೂಳೆಬ್ಬಿಸುತ್ತ ಹೊರಗೆ ಹರಿದವು. ಅವಳ ಸುತ್ತ ನಿಂತು ಮೂಸಿದವು. ಅತ್ತ ಇತ್ತ ನೋಡಿ ಒಂದೊಂದೇ ಒದರತೊಡಗಿದವು.

ಅಷ್ಟರಲ್ಲಿ ಮನೆಯ ಬಾಗಿಲಲ್ಲಿ ಅವ್ವ ಭೀಮಾಬಾಯಿ ಕಾಣಿಸಿದಳು. ದಿನಾ ಗಂಡನ ಆ ದನಿ ಕೇಳಿದೊಡನೆ ತರುತ್ತಿದ್ದಂತೆ ಬುತ್ತಿಗಂಟು ಹಿಡಿದು ಓಡಿ ಬಂದಿದ್ದಳು. ಹೊಸ್ತಿಲ ಮೇಲೆ ಒಂದು ಕಾಲಿಟ್ಟು, ಗಂಟನ್ನು ಮುಂದೆ ಚಾಚಿ, ಬೇಲಿಯ ಕಡೆ ನೋಡುತ್ತ ನಿಂತಳು.