ಕೊನೆಯ ಗುಟುಕು

ವಿಸ್ಕಾನ್ಸಿನ್‌ನ ಆ ಪುಟ್ಟ ಕಂಪನಿ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟಗಳ ಪುಸ್ತಕ ಅಚ್ಚುಹಾಕುತ್ತಿತ್ತು. ಹೊಸ ಲೋಕ ಕಟ್ಟಿದವನು ತನಗೆ ದಾರಿ ತೋರಿದ ಕಾದಂಬರಿಗಳ ಪಟ್ಟಿಯನ್ನು ಕೊನೆಯ ಪುಟದಲ್ಲಿ ಕೊಡುವುದು ಅಲ್ಲಿನ ಪದ್ಧತಿ. ಮರುಭೂಮಿಯ ಲೋಕ ಕಟ್ಟಿದ ಡ್ಯಾರೆಲ್ ಪಟ್ಟಿ ಕೊಡುವ ಮೊದಲೇ ತೀರಿಕೊಂಡ. ಉಳಿದದ್ದೆಲ್ಲ ಅಚ್ಚಾಗಿತ್ತು. ಅವನ ಸಂಪಾದಕಿ ವರ್ನಾ ಈಗ ಅವನ ತಾಯಿಯ ಅಡುಗೆಮನೆಯಲ್ಲಿ ಕೂತು ಅವನ ನೋಟುಪುಸ್ತಕ ತಿರುವುತ್ತಿದ್ದಳು.

ಅವನು ಪ್ರಾಮಾಣಿಕ ಕಳ್ಳ. ತನ್ನ ಲೋಕದ ಪ್ರತಿ ನಿಯಮದ ಪಕ್ಕದಲ್ಲೂ ಅದನ್ನು ಎತ್ತಿದ ಕಾದಂಬರಿಯ ಹೆಸರು, ಪುಟಸಂಖ್ಯೆ ಬರೆದಿಟ್ಟಿದ್ದ.

“ಎಲ್ಲಾ ಸಿಕ್ತೇನಮ್ಮ?” ತಾಯಿ ಆರ್ಡಿಸ್ ಕಾಫಿ ಬಗ್ಗಿಸುತ್ತ ಕೇಳಿದಳು.

“ಕದ್ದ ಮಾಲೆಲ್ಲಾ ಸಿಕ್ತು, ಆರ್ಡಿಸ್. ಒಂದು ಬಿಟ್ಟು.”

ನೀರಿನ ಚೀಲದ ಕೊನೆಯ ಗುಟುಕನ್ನು ಹಿಂದೆ ಬರುವವನಿಗೆ ಬಿಡಬೇಕು ಎಂಬ ನಿಯಮ ಅದು. ಡ್ಯಾರೆಲ್ ಬದುಕಿದ್ದಾಗಲೇ ವರ್ನಾ ಅದನ್ನು ಅವನ ಹಸ್ತಪ್ರತಿಯಲ್ಲಿ ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದಳು. “ಇದನ್ನ ಎಲ್ಲೋ ಓದಿದೀನಿ ಕಣೋ. ಹಳಸಲು,” ಅಂದಿದ್ದಳು. “ನೀನಿದನ್ನ ಎಲ್ಲೂ ಓದಿಲ್ಲ ಬಿಡು,” ಎಂದು ಅವನು ನಕ್ಕಿದ್ದ. ವಾದಕ್ಕಿಳಿದಿರಲಿಲ್ಲ.

ಈಗ ನೋಡಿದರೆ ಆ ನಿಯಮದ ಪಕ್ಕದಲ್ಲಿ ಕಾದಂಬರಿಯ ಹೆಸರಿರಲಿಲ್ಲ. ಅವನ ಸಣ್ಣ ಅಕ್ಷರಗಳಲ್ಲಿ ಹೀಗಿತ್ತು: “ವರ್ನಾ. ಮಂಗಳವಾರದ ಆಟ. ನಾನು ಯಾವಾಗ್ಲೂ ತಡ. ಬಾಟಲಿಯಲ್ಲಿ ಕೊನೇ ಗುಟುಕು ಸೋಡಾ ನನಗೇಂತ ಉಳಿಸಿರ್ತಾಳೆ. ಅವಳಿಗೇ ಅದು ಗೊತ್ತಿಲ್ಲ.”

ವರ್ನಾ ನೋಟುಪುಸ್ತಕ ಮುಚ್ಚಿದಳು. ಕಾಫಿ ಕುಡಿದಳು, ಕಪ್ ಕೆಳಗಿಟ್ಟಳು.

ಆರ್ಡಿಸ್ ಕಪ್ಪಿನೊಳಗೆ ಇಣುಕಿದಳು. “ಪೂರ್ತಿ ಕುಡಿಯಮ್ಮ. ಇನ್ಯಾರಿಗೆ ಉಳಿಸ್ತೀಯ?”