ಹೆಬ್ಬೆರಳ ಶಾಯಿ

ಮತಗಟ್ಟೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಪುಟ್ಟ ದೀಪ ಹೊತ್ತಿಸಿ, ಶಾಲ್ವಾ ಅವರ ಹೆಬ್ಬೆರಳನ್ನು ಅದರ ಕೆಳಗೆ ಹಿಡಿದಳು. ನೀಲಿ ಬೆಳಕಿನಲ್ಲಿ ಬೆರಳು ಶುಭ್ರವಾಗಿತ್ತು. ಮತ ಹಾಕಿದವರಿಗೆ ಕಣ್ಣಿಗೆ ಕಾಣದ ಶಾಯಿ ಹಚ್ಚುತ್ತಾರೆ, ಅದು ಈ ಬೆಳಕಿಗೆ ಮಾತ್ರ ಹೊಳೆಯುತ್ತದೆ ಎಂದು ವಿಮಾನದಲ್ಲಿ ಅವರೇ ಜೋವಿಟಾಗೆ ಹೇಳಿದ್ದರು. ಹೊರಗೆ ಬರುತ್ತಿದ್ದವರು ಒದ್ದೆ ಹೆಬ್ಬೆರಳನ್ನು ಎತ್ತಿ ಹಿಡಿದು ಆರಿಸಿಕೊಳ್ಳುತ್ತಿದ್ದರು.

ಎಂಬತ್ತನಾಲ್ಕರ ಶಾಲ್ವಾ ಜಾರ್ಜಿಯಾ ದೇಶದ ಸಂಸತ್ತಿನಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದವರು. ಅದರಲ್ಲಿ ಒಂಬತ್ತು ವರ್ಷ ಉಪಸಭಾಧ್ಯಕ್ಷರು. ಪಕ್ಷ ಸೋತು ಚೂರಾದ ಮೇಲೆ ಸಿಡ್ನಿಗೆ ಬಂದು ಗಿರಾವೀನ್‌ನಲ್ಲಿ ಮಗಳ ಮನೆ ಸೇರಿದ್ದರು. ಮಂಗಳೂರಿನ ಜೋವಿಟಾ ವಾರಕ್ಕೆ ಐದು ದಿನ ಹೋಗಿ ಅವರಿಗೆ ಸ್ನಾನ ಮಾಡಿಸಿ, ಮಾತ್ರೆ ಕೊಟ್ಟು, ಕೋಟಿನ ಗುಂಡಿ ಹಾಕಿ ಬರುತ್ತಿದ್ದಳು. ಈ ಸಲ ಮತಗಟ್ಟೆ ಮೆಲ್ಬರ್ನ್‌ನಲ್ಲಿ ಮಾತ್ರ ಎಂದು ತಿಳಿದ ದಿನ ಮುದುಕರು ಊಟ ಮಾಡಲಿಲ್ಲ. ಇದೊಂದು ಸಲ ಹೋಗಿಬನ್ನಿ, ಇನ್ನು ವಿಮಾನ ಹತ್ತಬೇಡಿ ಎಂದು ಹೃದಯದ ಡಾಕ್ಟರು ಹೇಳಿದರು. ಮುಂದಿನ ಚುನಾವಣೆಗೆ ನಾಲ್ಕು ವರ್ಷವಿತ್ತು. ಮಗಳಿಗೆ ರಜೆ ಸಿಗದಿದ್ದುದರಿಂದ ಜೋವಿಟಾ ತನ್ನ ಶನಿವಾರವನ್ನು ಬಿಟ್ಟುಕೊಟ್ಟಳು.

ಹಿಂದೆ ಅವಳ ಮನೆಯಲ್ಲಿ ಬಾಡಿಗೆಗಿದ್ದ ಗುರು ಈಗ ಮೆಲ್ಬರ್ನ್‌ನ ಟ್ರುಗನಿನಾದಲ್ಲಿದ್ದ. ಅವನೇ ವಿಮಾನ ನಿಲ್ದಾಣಕ್ಕೆ ಕಾರು ತಂದಿದ್ದ. ಮುದುಕರ ಬೆನ್ನಿಗೆಂದು ಮನೆಯಿಂದ ದಿಂಬನ್ನೂ ತಂದಿದ್ದ.

"ಒಂದ್ ವೋಟ್‌ಗೆ ಇಷ್ಟೊಂದಾ ಆಂಟಿ? ಊರಲ್ಲಿ ನಮ್ಮನೆ ಎದುರಿನ ಸ್ಕೂಲಲ್ಲೇ ಬೂತ್ ಇತ್ತು. ಆದ್ರೂ ನಮ್ಮಪ್ಪ ಮ್ಯಾಚ್ ಮುಗೀಲಿ ಅಂತ ಕೂತಿರೋರು."

"ನೀನು ಇಲ್ಲಿ ವೋಟ್ ಹಾಕದಿದ್ರೆ ಫೈನ್ ಬೀಳ್ತದೆ ಅಂತ ಹೋಗುವವ. ಸುಮ್ಮನೆ ಓಡಿಸು ಮಾರಾಯ."

ಮತಗಟ್ಟೆಗೆಂದು ಬಾಡಿಗೆಗೆ ಹಿಡಿದ ಹಾಲ್‌ನಲ್ಲಿ, ಮೇಜಿನ ಹಿಂದಿದ್ದ ಹೆಂಗಸು ಪಟ್ಟಿಯ ಮೇಲೆ ಸ್ಕೇಲ್ ಇಟ್ಟು ಎರಡು ಸಲ ಹುಡುಕಿದಳು. ಆಮೇಲೆ ಎದ್ದು ನಿಂತು ಶಾಲ್ವಾ ಅವರಿಗೆ ಅವರ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದಳು. ಜೋವಿಟಾ ಕಡೆ ತಿರುಗಿ ಅದನ್ನೇ ಇಂಗ್ಲಿಷ್‌ನಲ್ಲಿ ಹೇಳಿದಳು: ಪರದೇಶದಲ್ಲಿರುವವರು ಮೂರು ವಾರ ಮೊದಲೇ ಹೆಸರು ಬರೆಸಬೇಕಿತ್ತು.

ಏನಾದರೂ ಕಾಗದ ಕಳಿಸಬೇಕೇ ಎಂದು ಜೋವಿಟಾ ಎರಡು ತಿಂಗಳ ಹಿಂದೆಯೇ ಕೇಳಿದ್ದಳು. ನಾನು ಒಳಗೆ ಕಾಲಿಟ್ಟರೆ ಮತಗಟ್ಟೆಯ ಅಧಿಕಾರಿಯೇ ಎದ್ದು ನಿಲ್ಲುತ್ತಾರೆ ಎಂದು ಅವರು ನಕ್ಕಿದ್ದರು. ಅದೊಂದು ಸುಳ್ಳಾಗಲಿಲ್ಲ. ಹೆಂಗಸು ತನ್ನ ಕುರ್ಚಿಯನ್ನೇ ಎಳೆದು ಅವರನ್ನು ಕೂರಿಸಿದಳು, ತನ್ನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು.

"ಇಷ್ಟು ದೂರ ಬಂದಿದ್ದಾರೆ ಮೇಡಂ, ಇವರೊಬ್ಬರಿಗೆ ಬಿಡಲಿಕ್ಕಾಗುವುದಿಲ್ಲವಾ?" ಎಂದಳು ಜೋವಿಟಾ.

ಉತ್ತರ ಕೊಟ್ಟವರು ಶಾಲ್ವಾ. "ಬಿಡಬಾರದು. ಸತ್ತವರ ಹೆಸರಿನಲ್ಲಿ ಮತ ಬೀಳುತ್ತಿತ್ತು. ಮೂರು ವಾರದ ಈ ತಿದ್ದುಪಡಿ ತಂದವನು ನಾನೇ."

ಹೆಂಗಸು ತಲೆ ತಗ್ಗಿಸಿದಳು. ಅವರು ಚಹಾವನ್ನು ಕುಡಿಯದೆ ಎರಡೂ ಕೈಗಳಲ್ಲಿ ಹಿಡಿದು ಕೂತಿದ್ದರು.

"ಅವತ್ತು ಸದನದಲ್ಲಿ ಒಬ್ಬ ಸದಸ್ಯ ಎದ್ದು ನಿಂತಿದ್ದ. ದೂರದೇಶದಲ್ಲಿರುವ ಮುದುಕರು ಏನು ಮಾಡಬೇಕು ಎಂದು ಕೇಳುತ್ತಿದ್ದ. ಪೀಠದಲ್ಲಿ ನಾನಿದ್ದೆ, ಜೋವಿಟಾ. ಗಂಟೆ ಬಾರಿಸಿ ಕೂರಿಸಿದೆ."

ಜೋವಿಟಾ ಅವರ ಕೈಯಿಂದ ಲೋಟ ತೆಗೆದು ಮೇಜಿನ ಮೇಲಿಟ್ಟು, ಅವರ ಕೋಟಿನ ಬಿಚ್ಚಿದ್ದ ಗುಂಡಿ ಹಾಕಿದಳು.

ಹೊರಗೆ ಗುರು ಕಾರಿನ ಬಾಗಿಲು ತೆರೆದು ದಿಂಬು ಸರಿಮಾಡಿದ. "ಆಯ್ತಾ ಅಂಕಲ್?" ಎಂದು ಇಂಗ್ಲಿಷ್‌ನಲ್ಲೇ ಕೇಳಿದ. ಜೋವಿಟಾ ಕಣ್ಣಲ್ಲೇ ಬೇಡವೆಂದಳು. ಶಾಲ್ವಾ ಹೌದೆಂದು ತಲೆಯಾಡಿಸಿ ಒಳಗೆ ಕೂತರು. ಅವಳು ಬಾಗಿ ಬೆಲ್ಟ್ ಹಾಕುವಾಗ ನೋಡಿದಳು: ಅವರ ಬಲಗೈ ತೊಡೆಯ ಮೇಲಿತ್ತು. ಹೆಬ್ಬೆರಳು ಮಾತ್ರ ಉಳಿದ ಬೆರಳುಗಳಿಗೆ ತಾಗದಂತೆ, ಶಾಯಿ ಇನ್ನೂ ಆರಿಲ್ಲವೆಂಬ ಹಾಗೆ, ಮೇಲಕ್ಕೆ ಎದ್ದಿತ್ತು.